ಬಿಪಿಎಲ್ ಕಾರ್ಡಾ, ಯಶಸ್ವಿನಿನಾ, ಇಎಸ್‌ಐನಾ, ಮೆಡಿಕ್ಲೈಮಾ? ನಮ್ಮನೇಲಿ ನಾಲ್ಕೂ ನೋಡಾಯ್ತು

ಹೋದ್ಸಲ ಊರಿಗೆ ಹೋದಾಗ ನಮ್ಮಪ್ಪ ಬೀರು ಮೇಲಿಂದ ಒಂದು ಹಳೇ ಸೀರೆ ಅಂಗಡಿ ಕವರ್ ಇಳಿಸಿ ನನ್ ಮುಂದೆ ಸುರುದ್ರು. ರೇಷನ್ ಕಾರ್ಡು, ಆಧಾರ್ ಜೆರಾಕ್ಸು ಒಂದು ಹತ್ತು, ಡೈರಿ ಪಾಸ್‌ಬುಕ್ಕು, ಸಹಕಾರ ಸಂಘದೋರ ಆರೋಗ್ಯ ಯೋಜನೆ ಯಶಸ್ವಿನಿದೊಂದು ರಸೀದಿ, ಸೈಬರ್ ಸೆಂಟರಲ್ಲಿ ಲ್ಯಾಮಿನೇಟ್ ಮಾಡ್ಸಿರೋ ಆಯುಷ್ಮಾನ್ ಕಾರ್ಡು, ಎಲ್ಲಕ್ಕಿಂತ ಕೆಳಗೆ ಹಳೇ ಕಾಲದ ಒಂದು ಯಶಸ್ವಿನಿ ಕಾರ್ಡು, ಅದರಲ್ಲಿ ಅಪ್ಪಂಗೆ ಕರೀ ಮೀಸೆ. "ಇದ್ರಲ್ಲಿ ಆಸ್ಪತ್ರೇಲಿ ಯಾವ್ದು ನಡೀತದೆ, ಯಾವ್ದು ನಡಿಯಾಕಿಲ್ಲ, ಒಸಿ ನೋಡಿ ಹೇಳ್ಲಾ" ಅಂದ್ರು. ನಾನು ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಕೌಂಟ್ಸ್ ನೋಡ್ಕೊಳೋನು, ಪಿಎಫ್ಫು ಇಎಸ್‌ಐ ಚಲನ್ನು ಎಲ್ಲಾ ದಿನಾ ಕೈಯಾಡ್ಸೋನು, ಆದ್ರೂ ಆವತ್ತು ಪಟ್ ಅಂತ ಉತ್ತರ ಹೇಳೋಕಾಗ್ಲಿಲ್ಲ ಕಣ್ರೀ. ಆಮೇಲೆ ಒಂದು ತಿಂಗ್ಳು ಅಲ್ಲಿ ಇಲ್ಲಿ ಕೇಳಿ ನೋಡಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ, ಪಾಂಡವಪುರ ಮದ್ದೂರು ಶ್ರೀರಂಗಪಟ್ಣದ ಕಡೆಯೋರಿಗೆ ಉಪಯೋಗ ಆಗ್ಬೋದು.

ಎಲ್ರೂ ಕೇಳೋದು ಐದು ಲಕ್ಷನಾ ಹತ್ತು ಲಕ್ಷನಾ ಅಂತ. ನಾನೀಗ ಮೊದಲು ನೋಡೋದು ಬೇರೆ. ರಾತ್ರಿ ಹನ್ನೊಂದು ಗಂಟೇಲಿ ಆಸ್ಪತ್ರೆ ಕೌಂಟರ್ ಮುಂದೆ ನಿಂತಾಗ "ಹೂಂ, ಅಡ್ಮಿಟ್ ಮಾಡ್ಕೊಳಿ, ದುಡ್ಡು ನಾವ್ ಕಟ್ತೀವಿ" ಅಂತ ಹೇಳೋ ಅಧಿಕಾರ ಯಾರ ಕೈಲಿದೆ? ಸರ್ಕಾರಿ ಡಾಕ್ಟ್ರಾ, ಟ್ರಸ್ಟಾ, ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೈಮ್ ನೋಡೋ ಟಿಪಿಎನಾ? ಕಾರ್ಡುಗಳ ನಡುವೆ ನಿಜವಾದ ವ್ಯತ್ಯಾಸ ಇರೋದು ಅಲ್ಲೇ, ಸರ್ಕಾರ ಇದರೊಳಗೆ ಎಷ್ಟು ಕೈ ಹಾಕ್ಬೇಕು ಅನ್ನೋ ಜಗಳ ಶುರುವಾಗೋದೂ ಅಲ್ಲಿಂದಾನೇ.

ಮೊದಲು ಚಿಕ್ಕಮ್ಮನ ಕಾರ್ಡು. ಅವರದು ಬಿಪಿಎಲ್. 2018ರ ಮಾರ್ಚಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಬಂತು, ಸೆಪ್ಟೆಂಬರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೇಲಿ ಎರಡನ್ನೂ ಸೇರಿಸಿ ಒಂದು ಮಾಡಿದ್ರು, ಅದಕ್ಕೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ ಹೆಸರು ಅಷ್ಟುದ್ದ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಪ್ರೀಮಿಯಂ ಇಲ್ಲ, ಸೇರಿದ್ಮೇಲೆ ಇಷ್ಟು ದಿನ ಕಾಯ್ಬೇಕು ಅನ್ನೋ ವೇಟಿಂಗ್ ಪೀರಿಯಡ್ ಇಲ್ಲ, ಮೊದಲೇ ಶುಗರ್ ಬಿಪಿ ಇತ್ತಾ ಅಂತ ಯಾರೂ ಕೇಳಲ್ಲ, ವಯಸ್ಸಿನ ತಕರಾರಿಲ್ಲ. ಪ್ರೈವೇಟಲ್ಲಿ ಅರವತ್ತು ದಾಟಿದೋರಿಗೆ ಇಷ್ಟು ಕಂಡೀಶನ್ ಇಲ್ಲದೆ ಯಾವ ಕಂಪನಿ ಕೊಡುತ್ತೆ ಹೇಳಿ ನೋಡೋಣ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ, ನಮ್ಮ ರಾಜ್ಯದಲ್ಲಿ ಇದರ ಮಧ್ಯೆ ಇನ್ಶೂರೆನ್ಸ್ ಕಂಪನಿನೇ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅಂತ ಸರ್ಕಾರದ್ದೇ ಟ್ರಸ್ಟು, ಅದೇ ಅಪ್ರೂವಲ್ ಕೊಡುತ್ತೆ, ಅದೇ ಆಸ್ಪತ್ರೆಗೆ ದುಡ್ಡು ಕಟ್ಟುತ್ತೆ. ಹಂಗಾಗಿ ಇದನ್ನ ಇನ್ಶೂರೆನ್ಸ್ ಅನ್ನೋದಕ್ಕಿಂತ ಸರ್ಕಾರನೇ ಬಿಲ್ ಕಟ್ಟೋ ಯೋಜನೆ ಅನ್ನೋದು ಸರಿ.

ಆದ್ರೆ ಬಾಗಿಲು ಸುತ್ತಿಬಳಸಿ ಇದೆ. ಎಮರ್ಜೆನ್ಸಿ ಆದ್ರೆ, ಅಂದ್ರೆ ಎದೆನೋವು, ಆಕ್ಸಿಡೆಂಟ್ ಥರದ್ದು ಪಟ್ಟಿಲಿದ್ರೆ, ಯೋಜನೆಗೆ ಸೇರಿರೋ ಆಸ್ಪತ್ರೆಗೆ ನೇರ ಹೋಗ್ಬೋದು. ಎಮರ್ಜೆನ್ಸಿ ಅಲ್ಲ ಅಂದ್ರೆ ಮೊದಲು ಸರ್ಕಾರಿ ಆಸ್ಪತ್ರೆ, ನಮ್ಮ ಕಡೆಗೆ ಅಂದ್ರೆ ಮಂಡ್ಯದ ಮಿಮ್ಸು ಇಲ್ಲ ಮೈಸೂರು ಕೆ.ಆರ್. ಆಸ್ಪತ್ರೆ, ಅಲ್ಲಿ ಆಗಲ್ಲ ಅಂತ ಡಾಕ್ಟ್ರು ರೆಫರಲ್ ಬರ್ಕೊಟ್ರೆ ಮಾತ್ರ ಪ್ರೈವೇಟು. ಸಣ್ಣಪುಟ್ಟ ಆಪರೇಷನ್ನೆಲ್ಲ ಸರ್ಕಾರಿಲೇ ಮಾಡ್ಸ್ಕೋಬೇಕು. ಚಿಕ್ಕಮ್ಮಂಗೆ ದೊಡ್ಡ ಕಿಡ್ನಿ ಸ್ಟೋನು. ಬೆಳಗ್ಗೆ ಏಳಕ್ಕೇ ಬಂದು ಚೀಟಿ ಮಾಡ್ಸಿ, ಒಂದು ದಿನ ಸ್ಕ್ಯಾನು, ಮಾರನೇ ದಿನ ರಿಪೋರ್ಟು, ಮೂರನೇ ದಿನ ರೆಫರಲ್ ಲೆಟರು, ಚಿಕ್ಕಮ್ಮ ಹೊಟ್ಟೆ ಹಿಡ್ಕೊಂಡು ಕಾರಿಡಾರಲ್ಲಿ ಗೋಡೆಗೆ ಒರಗಿ ಕೂತಿರೋದು, ನಾನು ಆಸ್ಪತ್ರೇಲಿ ಈ ಯೋಜನೆ ಕೆಲಸ ನೋಡ್ಕೊಳೋ ಆರೋಗ್ಯಮಿತ್ರನ ಟೇಬಲ್ ಹುಡುಕ್ಕೊಂಡು ಅಲೆಯೋದು. ಅದಾದ್ಮೇಲೆ ನಾವು ಹೋದ ಒಂದು ಪ್ರೈವೇಟ್ ಆಸ್ಪತ್ರೇಲಿ, ಹೆಸರು ಬೇಡ ಬಿಡಿ, ಡಿಸ್ಚಾರ್ಜ್ ದಿನ "ಇದು ಪ್ಯಾಕೇಜಲ್ಲಿ ಬರಲ್ಲ" ಅಂತ ಹದಿನಾಲ್ಕು ಸಾವಿರ ಕಟ್ಟಿಸ್ಕೊಂಡ್ರು, ರಸೀದಿ ಕೇಳಿದ್ರೆ ಬಿಳೀ ಚೀಟಿ. ಆಮೇಲೆ ಗೊತ್ತಾಯ್ತು ಪ್ಯಾಕೇಜ್ ಅಂದ್ರೆ ಬೆಡ್ಡು, ಆಪರೇಷನ್ನು, ಔಷಧಿ, ಟೆಸ್ಟು ಎಲ್ಲಾ ಸೇರಿ ಅಂತ. ಯಾರಾದ್ರೂ ಹಂಗೆ ಕೇಳಿದ್ರೆ ಅಲ್ಲೇ ನಿಂತ್ಕೊಂಡು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ಆರೋಗ್ಯಮಿತ್ರನ್ನ ಕರೀರಿ, ಬಿಳೀ ಚೀಟಿಗೆ ದುಡ್ಡು ಕೊಡ್ಬೇಡಿ. ನಾನು ಕೊಟ್ಟು ಕೆಟ್ಟೆ.

ಇಷ್ಟಾದ್ರೂ ಲೆಕ್ಕ ಹಾಕಿ ನೋಡಿ, ಅದೇ ಆಪರೇಷನ್ ಕೈಯಿಂದ ಕಟ್ಟಿದ್ರೆ ಚಿಕ್ಕಮ್ಮ ಎರಡು ಎಮ್ಮೆ ಮಾರ್ಬೇಕಿತ್ತು. ಹಂಗಾಗಿ ಬಿಪಿಎಲ್ ಇರೋರಿಗೆ ನನ್ನ ಮಾತು ಒಂದೇ, ಮೆಡಿಕ್ಲೈಮ್ ಏಜೆಂಟ್ ಮನೆಗೆ ಬಂದ್ರೆ ಕಾಫಿ ಕೊಟ್ಟು ಕಳ್ಸಿ.

ಅಪ್ಪನ ಕಥೆ ಬೇರೆ. ನಮ್ದು ಎಪಿಎಲ್ ಕಾರ್ಡು, ನನ್ ಹೆಸರೂ ಅದರಲ್ಲೇ ಇರೋದ್ರಿಂದ. ಎಪಿಎಲ್‌ಗೆ ಅದೇ ಯೋಜನೇಲಿ ಸಿಗೋದು ಪ್ಯಾಕೇಜ್ ರೇಟಿನ 30 ಪರ್ಸೆಂಟು, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಸರ್ಕಾರದ ರೇಟು ಒಂದು ಲಕ್ಷ ಇದ್ರೆ ಮೂವತ್ತು ಸಾವಿರ ಅವರದ್ದು, ಮಿಕ್ಕಿದ್ದು ನಮ್ ತಲೆ ಮೇಲೆ. ಎರಡೆಕರೆ ಕಬ್ಬು ಹಾಕ್ಕೊಂಡು ಫ್ಯಾಕ್ಟರಿ ದುಡ್ಡಿಗೆ ಕಾಯೋ ಮನುಷ್ಯ ಎಪಿಎಲ್ ಆದ ತಕ್ಷಣ ಎಪ್ಪತ್ತು ಸಾವಿರ ಎಲ್ಲಿಂದ ತರ್ತಾನೆ ಅನ್ನೋದು ಕಾರ್ಡ್ ಬಣ್ಣಕ್ಕೆ ಗೊತ್ತಾಗಲ್ಲ. ಕೇಂದ್ರದವರು 2024ರ ಅಕ್ಟೋಬರ್ 29ಕ್ಕೆ 70 ದಾಟಿದ ಎಲ್ರಿಗೂ ಆದಾಯ ನೋಡ್ದೆ ಐದು ಲಕ್ಷ ಅಂತ ಶುರು ಮಾಡಿದ್ದಾರೆ, ಅಪ್ಪಂಗಿನ್ನೂ 66. ನಿಮ್ಮನೇಲಿ ಎಪ್ಪತ್ತು ದಾಟಿದೋರು ಇದ್ರೆ ಅಡ್ಮಿಟ್ ಆಗೋಕ್ಕಿಂತ ಮುಂಚೆನೇ ಆ ಆಸ್ಪತ್ರೆಯ ಆರೋಗ್ಯಮಿತ್ರನ ಹತ್ರ ಈ ಕಾರ್ಡ್ ತಗೋತೀರಾ ಅಂತ ಕೇಳಿ.

ಅಪ್ಪಂಗೆ ಕೈ ಹಿಡಿದಿದ್ದು ಯಶಸ್ವಿನಿ. ಇದು ನಮ್ಮ ಜಿಲ್ಲೆಯೋರಿಗೆ ಒಂಥರಾ ಸ್ವಂತದ್ದು, ನಮ್ಮ ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ 2003ರಲ್ಲಿ ಶುರುವಾಗಿದ್ದು, ಡಾ. ದೇವಿ ಶೆಟ್ಟಿಯವರ ಐಡಿಯಾ, ಆಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ತಿಂಗಳಿಗೆ ಐದು ರೂಪಾಯಿ ಅಂದ್ರೆ ಆಗಿನ ಕಾಲಕ್ಕೂ ಬೀಡಿ ಕಟ್ಟಿನ ದುಡ್ಡು. ಸಹಕಾರ ಸಂಘದ ಮೆಂಬರ್ ಆಗಿರ್ಬೇಕು, ಡೈರಿ ಆಗ್ಬೋದು ಸೊಸೈಟಿ ಆಗ್ಬೋದು. ಬೆಳಗ್ಗೆ ಆರೂವರೆಗೆ ಡೈರಿ ಮುಂದೆ ಕ್ಯಾನ್ ಸಾಲಾಗಿಟ್ಕೊಂಡು ಜನ ನಿಂತಿರ್ತಾರಲ್ಲ, ಸೆಕ್ರೆಟರಿ ಒಂದು ಕೈಲಿ ಫ್ಯಾಟ್ ಮಿಷನ್ನಿಗೆ ಹಾಲು ಹಾಕ್ತಾ ಇನ್ನೊಂದು ಕೈಲಿ ಯಶಸ್ವಿನಿ ಪುಸ್ತಕ ತಗ್ದು "ಏ ನಿಂಗಣ್ಣ, ನಿಮ್ಮನೇದು ಬಾಕಿ ಅದೆ ಕಣಯ್ಯ, ಬಟವಾಡೇಲಿ ಹಿಡ್ಕಳ್ಲಾ?" ಅಂತಾನೆ, ಅವನು ಹೂಂ ಅಂತಾನೆ, ಮುಗೀತು ಎನ್‌ರೋಲ್‌ಮೆಂಟು. ಯಾವ ಆಪ್ಪೂ ಬೇಡ ಓಟಿಪಿನೂ ಬೇಡ.

ಈಗ ಹಳ್ಳಿ ಸಂಘದವರಿಗೆ ನಾಲ್ಕು ಜನದ ಕುಟುಂಬಕ್ಕೆ 500 ರೂಪಾಯಿ, ಮೇಲಿನ ಒಬ್ಬೊಬ್ಬರಿಗೆ 100. ಸಿಟಿ ಸಹಕಾರ ಸಂಘ ಆದ್ರೆ 1000, ಮೇಲಿನವರಿಗೆ 200. ಎಸ್‌ಸಿ ಎಸ್‌ಟಿ ಮೆಂಬರುಗಳಿಗೆ ಸರ್ಕಾರನೇ ಕಟ್ಟುತ್ತೆ. ಐದು ಲಕ್ಷದವರೆಗೆ ಕ್ಯಾಶ್‌ಲೆಸ್ಸು, ಪಟ್ಟಿಲಿರೋ ಚಿಕಿತ್ಸೆಗೆ, ನೆಟ್‌ವರ್ಕ್ ಆಸ್ಪತ್ರೇಲಿ, ಜನರಲ್ ವಾರ್ಡು. ನಂಗೆ ತುಂಬ ಇಷ್ಟ ಆಗಿದ್ದು ರೆಫರಲ್ ಲೆಟರಿಗೆ ಅಲೀಬೇಕಾಗಿಲ್ಲ, ಕಾರ್ಡ್ ಹಿಡ್ಕೊಂಡು ನೆಟ್‌ವರ್ಕ್ ಆಸ್ಪತ್ರೆಗೆ ಹೋದ್ರೆ ಅವರೇ ಟ್ರಸ್ಟಿಗೆ ಕಳ್ಸಿ ಅಪ್ರೂವಲ್ ತರಿಸ್ತಾರೆ. ಪಟ್ಟಿಲಿಲ್ದೆ ಇದ್ರೆ ಮಾತ್ರ ಒಂದ್ರೂಪಾಯಿನೂ ಇಲ್ಲ, ಅದಕ್ಕೇ ಡಾಕ್ಟ್ರು ಆಪರೇಷನ್ ಅಂದ ತಕ್ಷಣ "ಇದು ಯಶಸ್ವಿನಿ ಲಿಸ್ಟಲ್ಲಿ ಇದ್ಯಾ ಸಾರ್" ಅಂತ ಬಾಯ್ಬಿಟ್ಟು ಕೇಳಿ.

ತೊಂದ್ರೆ ಇಲ್ವಾ ಅಂದ್ರೆ ಇದೆ. ವರ್ಷ ವರ್ಷ ಕಟ್ಬೇಕು, ಕಡೇ ದಿನ ತಪ್ಪಿದ್ರೆ ಆ ವರ್ಷ ಕಾರ್ಡಿದ್ರೂ ಕಾಗದ. ಅದಕ್ಕಿಂತ ದೊಡ್ಡದು, 2018ರಲ್ಲಿ ಆರೋಗ್ಯ ಕರ್ನಾಟಕ ಬಂದಾಗ ಯಶಸ್ವಿನಿನ ಅದಕ್ಕೇ ಸೇರಿಸಿ ನಿಲ್ಲಿಸಿಬಿಟ್ರು, ಮತ್ತೆ ಬೊಮ್ಮಾಯಿ ಸರ್ಕಾರದಲ್ಲಿ 2022ರ ನವೆಂಬರಿಂದ ಹೆಸರು ಬರೆಸ್ಕೊಂಡು 2023ರ ಜನವರಿ 1ರಿಂದ ಚಿಕಿತ್ಸೆ ಶುರು ಮಾಡಿದ್ರು. ನಡುವೆ ನಾಲ್ಕು ವರ್ಷಕ್ಕೂ ಮೇಲೆ ಇಲ್ಲ. ವಿಧಾನಸೌಧದಲ್ಲಿ ಒಂದು ಸಹಿ ಬಿದ್ರೆ ಸರ್ಕಾರದ ಯೋಜನೆ ಬರುತ್ತೆ, ಇನ್ನೊಂದು ಸಹಿ ಬಿದ್ರೆ ಹೋಗುತ್ತೆ. ಪ್ರೈವೇಟ್ ಪಾಲಿಸಿಲಿ ನಾವು ಸುಳ್ಳು ಹೇಳ್ದೆ ಪ್ರೀಮಿಯಂ ಕಟ್ಕೊಂಡು ಹೋದ್ರೆ, ಹಿಂದೆ ಕ್ಲೈಮ್ ಮಾಡಿದ್ದೆ ಅನ್ನೋ ನೆಪಕ್ಕೆ ಕಂಪನಿ ರಿನ್ಯೂವಲ್ ಬೇಡ ಅನ್ನೋ ಹಾಗಿಲ್ಲ. ಈ ಒಂದು ಪಾಯಿಂಟಲ್ಲಿ ನಮ್ಮ ಭಾವ ನನ್ನ ಸೋಲಿಸಿದ್ದು ನಿಜ, ಭಾವ ಮೈಸೂರಲ್ಲಿ ಇನ್ಶೂರೆನ್ಸ್ ಏಜೆಂಟು, ಅವರ ವಿಷಯಕ್ಕೆ ಬರ್ತೀನಿ.

ಇಎಸ್‌ಐ ಬಗ್ಗೆ ಸ್ವಲ್ಪದ್ರಲ್ಲೇ ಹೇಳ್ತೀನಿ, ಯಾಕಂದ್ರೆ ಇದನ್ನ ಆಯ್ಕೆ ಮಾಡ್ಕೊಳೋ ಮಾತೇ ಇಲ್ಲ, ಸಂಬಳ ತಿಂಗಳಿಗೆ 21,000 ಒಳಗಿದ್ದು ಕಂಪನಿ ಇಎಸ್‌ಐ ಕೆಳಗೆ ಬಂದ್ರೆ ಕಟ್ಟಾಗುತ್ತೆ ಅಷ್ಟೇ. ನಮ್ದು 0.75 ಪರ್ಸೆಂಟು, ಮಾಲೀಕರದ್ದು 3.25. ಇಪ್ಪತ್ತು ಸಾವಿರಕ್ಕೆ ನಮ್ಮ ಕೈಯಿಂದ 150 ರೂಪಾಯಿ. ಅದಕ್ಕೆ ನೀವು, ಹೆಂಡ್ತಿ ಮಕ್ಕಳು, ನಿಮ್ಮ ಆಸರೇಲಿರೋ ಅಪ್ಪ ಅಮ್ಮ ಎಲ್ರಿಗೂ, ಅಡ್ಮಿಟ್ ಆಗ್ದೆ ಇದ್ರೂ ಡಿಸ್ಪೆನ್ಸರಿಲಿ ಜ್ವರಕ್ಕೆ ಮಾತ್ರೆ ಸಮೇತ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗದಿದ್ರೆ ಸಂಬಳದ 70 ಪರ್ಸೆಂಟು ವರ್ಷಕ್ಕೆ 91 ದಿನದವರೆಗೆ, ಹೆರಿಗೆಗೆ 26 ವಾರ. ಬೈಕೊಳೋರು ಬೈಕೊಳ್ಲಿ, ಲೈನ್ ಉದ್ದ ಇರುತ್ತೆ ಅದು ನಿಜ, ಆದ್ರೆ ದಿನನಿತ್ಯದ ಮಾತ್ರೆ ಖರ್ಚು ನೋಡ್ಕೊಳೋದು ಈ ನಾಲ್ಕರಲ್ಲಿ ಇದೊಂದೇ. ನನ್ನ ಸಂಬಳ 20,400ರಿಂದ 22,000ಕ್ಕೆ ಹೋದಾಗ ಆಫೀಸಲ್ಲಿ ಮೈಸೂರ್ ಪಾಕ್ ಹಂಚಿದ್ದೆ, ಇಎಸ್‌ಐ ಹೋಯ್ತು ಅಂತ ಹೊಳೆದಿದ್ದು ಅಪ್ಪನ ಶುಗರ್ ಮಾತ್ರೆ ತರೋಕೆ ಮೆಡಿಕಲ್ ಸ್ಟೋರಿಗೆ ಹೋದಾಗ. ಒಂದು ಸಮಾಧಾನ ಏನಂದ್ರೆ ಸಂಬಳ ಏರಿದ ದಿನವೇ ಕಟ್ಟಾಗಲ್ಲ, ಏಪ್ರಿಲಿಂದ ಸೆಪ್ಟೆಂಬರ್, ಅಕ್ಟೋಬರಿಂದ ಮಾರ್ಚ್ ಅಂತ ಅವಧಿ ಇರುತ್ತೆ, ಆ ಅವಧಿ ಮುಗಿಯೋವರೆಗೂ ಕಟ್ತೀರ, ಅದರ ಸೌಲಭ್ಯ ಆಮೇಲೂ ಸ್ವಲ್ಪ ತಿಂಗಳು ನಡೆಯುತ್ತೆ. ಇದನ್ನ ಎಚ್ಆರ್‌ನವರು ತಾವಾಗೇ ಹೇಳಲ್ಲ, ಕೇಳಿ ತಿಳ್ಕೊಳಿ.

ಈಗ ಮೆಡಿಕ್ಲೈಮು. ಭಾವ ಚಾರ್ಟ್ ಬಿಡಿಸ್ಕೊಂಡು ಕೂತು ಅಪ್ಪಂಗೂ ಒಂದು ಮಾಡ್ಸು ಅಂದ್ರು. 2024ರ ಏಪ್ರಿಲಿಂದ ಇಷ್ಟೇ ವಯಸ್ಸಿನೊಳಗೆ ಇರ್ಬೇಕು ಅನ್ನೋ ಕಟ್ಟುಪಾಡಿಲ್ಲ, ಸರಿ. ಹಳೇ ಕಾಯಿಲೆಗೆ ಕಾಯೋ ಅವಧಿ ಮೊದಲು ನಾಲ್ಕು ವರ್ಷದವರೆಗೂ ಇರ್ತಿತ್ತು, ಈಗ ಮೂರಕ್ಕಿಂತ ಮೇಲೆ ಹಾಕೋ ಹಾಗಿಲ್ಲ, ಅದೂ ಸರಿ. 2025ರ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿ ಹೋಗಿದೆ, ಒಳ್ಳೇದೇ. ಆದ್ರೆ ಅಪ್ಲಿಕೇಶನ್ ಹಾಕಿದ್ರೆ ಅಪ್ಪನ ಶುಗರ್ ರಿಪೋರ್ಟ್ ನೋಡಿ ಒಂದು ಕಂಪನಿ ಆಗಲ್ಲ ಅಂತು, ಇನ್ನೊಂದು ಕೊಡ್ತೀವಿ ಅಂತ ಹೇಳಿದ ಪ್ರೀಮಿಯಂ ಕೇಳಿ ಅಪ್ಪ "ಅಷ್ಟ್ ದುಡ್ಡಿಗೆ ಇನ್ನೊಂದ್ ಹಸ ಬತ್ತದಲ್ಲಾ" ಅಂದ್ರು. ಅಲ್ಲಿಗೆ ಮುಗೀತು. ಯಾರಿಗೆ ಇನ್ಶೂರೆನ್ಸ್ ಜಾಸ್ತಿ ಬೇಕೋ ಅವರಿಗೇ ಕಂಪನಿ ಬೇಡ ಅನ್ನೋದು, ಅದರಲ್ಲಿ ಕಂಪನಿ ತಪ್ಪೇನಿಲ್ಲ, ಅವರ ವ್ಯಾಪಾರನೇ ಹಂಗೆ, ಸರ್ಕಾರ ಬೇಕು ಅನ್ನೋ ವಾದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನಂಗಂತೂ ಕಾಣಲ್ಲ.

ನನಗೆ, ಹೆಂಡ್ತಿಗೆ, ಮಗೂಗೆ ಮಾತ್ರ ತಗೊಂಡೆ, ನನ್ ವಯಸ್ಸು ಮೂವತ್ತನಾಲ್ಕು, ಕಾಯಿಲೆ ಇಲ್ಲ. ಕಂಪನಿ ಗ್ರೂಪ್ ಇನ್ಶೂರೆನ್ಸ್ ಇದೆ, ಆದ್ರೆ ಕೆಲಸ ಬಿಟ್ಟ ದಿನ ಅದೂ ಬಿಟ್ಟೋಗುತ್ತೆ. ತಗೊಳೋರು ಒಂದು ಜಾಗದಲ್ಲಿ ಕಣ್ಬಿಟ್ಟು ನೋಡಿ: ರೂಮ್ ರೆಂಟ್. ಐದು ಲಕ್ಷದ ಪಾಲಿಸಿ, ರೂಮಿಗೆ ದಿನಕ್ಕೆ ಒಂದು ಪರ್ಸೆಂಟ್ ಅಂತ ಇದ್ರೆ 5,000. ಜನರಲ್ ವಾರ್ಡ್ ಫುಲ್ಲು ಅಂತ ನೀವು 8,000ದ ರೂಮಲ್ಲಿ ಮಲಗಿದ್ರಿ ಅಂತಿಟ್ಕೊಳಿ. ಮೂರು ಸಾವಿರ ತಾನೆ, ಕೈಯಿಂದ ಕೊಟ್ರಾಯ್ತು ಅನ್ಕೊಂಡ್ರೆ ಕೆಟ್ರಿ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು ಎಲ್ಲಾನೂ ಅದೇ ಲೆಕ್ಕದಲ್ಲಿ, ಎಂಟರಲ್ಲಿ ಐದು ಪಾಲು, ಕತ್ತರಿಸ್ತಾರೆ. ಆ ಥರದ ಚಾರ್ಜು 1,60,000 ಆಗಿದ್ರೆ ಬರೋದು ಒಂದು ಲಕ್ಷ, ಅರವತ್ತು ಸಾವಿರ ನಿಮ್ ಜೇಬು. ಔಷಧಿ, ಇಂಪ್ಲಾಂಟು, ಟೆಸ್ಟಿಗೆ ಈ ಕತ್ತರಿ ಇಲ್ಲ ಅನ್ನೋದೊಂದು ಪುಣ್ಯ. 2020ರ ಏಪ್ರಿಲಲ್ಲಿ ಬಂದ ಆರೋಗ್ಯ ಸಂಜೀವಿನಿ ಅಂತ ಒಂದು ಪಾಲಿಸಿ ಇದೆ, ಎಲ್ಲಾ ಕಂಪನಿಲೂ ಒಂದೇ ಕಂಡೀಶನ್ನು, ಬೆಲೆ ಬೇರೆ ಬೇರೆ. ಮೊದಲ ಸಲ ತಗೊಳೋರು ಹೋಲಿಸಿ ನೋಡೋಕೆ ಅದು ಒಳ್ಳೇ ಅಳತೆಗೋಲು, ಅದರಲ್ಲೂ ರೂಮಿಗೆ ಮಿತಿ ಇದೆ, ಬಿಲ್ಲಲ್ಲಿ 5 ಪರ್ಸೆಂಟ್ ನಾವು ಕೊಡ್ಬೇಕು.

ನೋಡಿ, ಇಲ್ಲೂ ಸರ್ಕಾರ ಇದ್ದೇ ಇದೆ. ಮೂರು ವರ್ಷ ಅಂತ ಮಿತಿ ಹಾಕಿದ್ದು, ಕ್ಯಾಶ್‌ಲೆಸ್ಸಿಗೆ ಒಂದು ಗಂಟೆ, ಡಿಸ್ಚಾರ್ಜಿಗೆ ಮೂರು ಗಂಟೆಯೊಳಗೆ ಉತ್ತರ ಕೊಡ್ಬೇಕು ಅಂದಿದ್ದು, ಹಿರಿಯರ ಪ್ರೀಮಿಯಂ ವರ್ಷಕ್ಕೆ 10 ಪರ್ಸೆಂಟಿಗಿಂತ ಜಾಸ್ತಿ ಏರಿಸೋಕೆ ಮುಂಚೆ ತನ್ನನ್ನ ಕೇಳ್ಬೇಕು ಅಂದಿದ್ದು ಎಲ್ಲಾ ಇನ್ಶೂರೆನ್ಸ್ ಕಂಪನಿಗಳನ್ನ ನೋಡ್ಕೊಳೋ ಸರ್ಕಾರಿ ಪ್ರಾಧಿಕಾರ ಐಆರ್‌ಡಿಎಐ. ಕ್ಲೈಮ್ ತಿರಸ್ಕಾರ ಆದ್ರೆ ಕಂಪನಿಗೆ ಮೊದಲು ದೂರು, ಆಗ್ಲಿಲ್ಲ ಅಂದ್ರೆ ಬೆಂಗಳೂರಲ್ಲಿ ಇನ್ಶೂರೆನ್ಸ್ ದೂರು ತೀರ್ಮಾನ ಮಾಡೋ ಓಂಬುಡ್ಸ್‌ಮನ್, ಫೀಸಿಲ್ಲ. ಸರ್ಕಾರ ದೂರ ಇರ್ಲಿ ಅನ್ನೋ ಭಾವನ ಅಂಗಡಿ ನಡೀತಿರೋದೇ ಸರ್ಕಾರ ಹಾಕಿದ ಬೇಲಿ ಒಳಗೆ ಅಂದೆ, ಭಾವ ಕಾಫಿ ಲೋಟ ಕೆಳಗಿಟ್ಟು ಮೊಬೈಲ್ ನೋಡೋಕೆ ಶುರು ಮಾಡಿದ್ರು.

ಈ ಜಗಳ ಊರಲ್ಲಿ ಅರಳಿಕಟ್ಟೆ ಮೇಲೂ ಆಯ್ತು. ರಿಟೈರ್ಡ್ ಮೇಷ್ಟ್ರು ಒಬ್ರಿದ್ದಾರೆ, ಅವರ ವಾದ ಭಾವನದ್ದಕ್ಕೆ ಪೂರ್ತಿ ಉಲ್ಟಾ. ಕಾರ್ಡ್ ಕೊಟ್ಟು ಪ್ರೈವೇಟಿಗೆ ದುಡ್ಡು ಸುರಿಯೋ ಬದಲು ಅದೇ ದುಡ್ಡಲ್ಲಿ ಆಸ್ಪತ್ರೆ ಕಟ್ಲಿ ಅಂತ. 1946ರಲ್ಲೇ ಭೋರ್ ಸಮಿತಿ ಹೇಳಿತ್ತು ಕಣಯ್ಯ, ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರ್ದು ಅಂತ, ಅದೇ ಕಾಲದಲ್ಲಿ ಇಂಗ್ಲೆಂಡಿನೋರು 1948ರಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರು ಮಾಡಿದ್ರು, ನಾವು ರಿಪೋರ್ಟ್ ಬೀರುಲಿಟ್ವಿ ಅಂತಾರೆ. 2017ರ ಆರೋಗ್ಯ ನೀತಿಲಿ 2025ರೊಳಗೆ ಜಿಡಿಪಿಯ 2.5 ಪರ್ಸೆಂಟ್ ಆರೋಗ್ಯಕ್ಕೆ ಅಂತ ಬರ್ಕೊಂಡ್ರು, ಅದನ್ನೂ ಮುಟ್ಲಿಲ್ಲ. ಭಾವ ಅಮೆರಿಕಾ ನೋಡಿ ಅಂದ್ರೆ ಮೇಷ್ಟ್ರು ಬಿಡ್ತಾರಾ, ಅಲ್ಲೂ 1965ರಿಂದ ವಯಸ್ಸಾದೋರಿಗೆ ಬಡವರಿಗೆ ಮೆಡಿಕೇರು ಮೆಡಿಕೇಡು ಅಂತ ಸರ್ಕಾರನೇ ಕೊಡ್ತಿದೆ, ಹಳೇ ಕಾಯಿಲೆ ಇದೆ ಅಂತ ಕಂಪನಿ ಬಾಗಿಲು ಹಾಕೋದನ್ನ ನಿಲ್ಲಿಸೋಕೆ 2010ರಲ್ಲಿ ಕಾನೂನೇ ತರ್ಬೇಕಾಯ್ತು ಅಂದ್ರು. ನಾನೂ ಒಂದು ಸೇರಿಸ್ದೆ, ಇನ್ಶೂರೆನ್ಸ್ ಸರ್ಕಾರದ ಕೆಲಸ ಅಲ್ಲ ಅನ್ನೋರು ಮೈಸೂರಲ್ಲಿ ಕೂತು ಹೇಳ್ಬಾರ್ದು, ಮಹಾರಾಜರ ಸರ್ಕಾರ 1891ರಲ್ಲೇ ನೌಕರರಿಗೆ ಜೀವವಿಮೆ ಶುರು ಮಾಡಿತ್ತು, ಅದೇ ಇವತ್ತಿನ ಕೆಜಿಐಡಿ, ಸರ್ಕಾರಿ ವಿಮಾ ಇಲಾಖೆ.

ಮೇಷ್ಟ್ರ ವಾದ ಅರ್ಧ ಒಪ್ತೀನಿ. ಕೆ.ಆರ್. ಆಸ್ಪತ್ರೆ, ಮಿಮ್ಸು, ಕೆಆರ್‌ಎಸ್ ರೋಡಿನ ಜಯದೇವ ಗಟ್ಟಿಯಾಗಿದ್ರೆ ತಾನೆ ಚಿಕ್ಕಮ್ಮನ ಕಾರ್ಡಿಗೂ ಬೆಲೆ, ರೆಫರಲ್ ಬರೆಯೋ ಡಾಕ್ಟ್ರೇ ಇಲ್ಲ ಅಂದ್ರೆ ಐದು ಲಕ್ಷ ಯಾವ ಬಾಗಿಲಿಂದ ಬರ್ಬೇಕು? ಆದ್ರೆ ಕಾರ್ಡ್ ವೇಸ್ಟ್ ಅನ್ನೋದನ್ನ ಒಪ್ಪಲ್ಲ. ಈಗಿನ ಯೋಜನೆಗಿಂತ ಮುಂಚೆ 2010ರ ಹೊತ್ತಿಗೆ ಬಂದ ವಾಜಪೇಯಿ ಆರೋಗ್ಯಶ್ರೀ ಇತ್ತಲ್ಲ, ಅದು ಮೊದಲು ಉತ್ತರದ ಜಿಲ್ಲೆಗಳಿಗೆ ಮಾತ್ರ ಇತ್ತು, ಆಗ ಯೋಜನೆ ಇದ್ದ ಹಳ್ಳಿ, ಗಡಿಯಾಚೆ ಇಲ್ಲದ ಹಳ್ಳಿ ಎರಡನ್ನೂ ಹೋಲಿಸಿ ಮಾಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಲ್ಲಿ ಬಂತು. ಯೋಜನೇಲಿದ್ದ ಕಾಯಿಲೆಗಳಿಂದ ಬಡವರ ಮನೇಲಿ ಆಗೋ ಸಾವು ಕಾರ್ಡಿದ್ದ ಕಡೆ ತುಂಬಾನೇ ಕಮ್ಮಿ ಇತ್ತು. ಒಂದೇ ಥರದ ಹೊಲ, ಒಂದೇ ಥರದ ಮನೆ, ಮಧ್ಯೆ ಒಂದು ಜಿಲ್ಲಾ ಗಡಿ ಅಷ್ಟೇ. ಮೇಷ್ಟ್ರು ಇದಕ್ಕೆ "ಹ್ಞೂಂ" ಅಂದು ಎಲೆ ಅಡಿಕೆ ಹಾಕ್ಕೊಂಡ್ರು, ಸೋತ್ರಾ ಗೆದ್ರಾ ಗೊತ್ತಾಗ್ಲಿಲ್ಲ.

ನಮ್ಮನೇಲಿ ಕೊನೆಗೆ ಆಗಿದ್ದು ಹೀಗೆ. ಚಿಕ್ಕಮ್ಮಂಗೆ ಬಿಪಿಎಲ್ ಕಾರ್ಡೇ ಸಾಕು, ಅದು ರದ್ದಾಗ್ದಂಗೆ ಇಕೆವೈಸಿ ಮಾಡ್ಸಿ ಇಟ್ವಿ. ಅಪ್ಪ ಅಮ್ಮಂಗೆ ಯಶಸ್ವಿನಿ, ಜೊತೆಗೆ ಭಾವ ಹೇಳಿದ ಪ್ರೀಮಿಯಂನಲ್ಲಿ ಅರ್ಧದಷ್ಟನ್ನ ತಿಂಗಳು ತಿಂಗಳು ಸೊಸೈಟಿ ಆರ್‌ಡಿಗೆ ಹಾಕ್ತಿದೀನಿ, ಪಟ್ಟಿಲಿಲ್ಲದ ಕಾಯಿಲೆ ಬಂದ್ರೆ ಇರ್ಲಿ ಅಂತ. ಶುಗರ್ ಮಾತ್ರೆ ಜನೌಷಧಿ ಅಂಗಡಿಲಿ ತರ್ತೀವಿ. ನನಗೆ ಹೆಂಡ್ತಿಗೆ ಮಗೂಗೆ ರೂಮ್ ರೆಂಟ್ ಮಿತಿ ಇಲ್ಲದ ಐದು ಲಕ್ಷದ ಫ್ಯಾಮಿಲಿ ಫ್ಲೋಟರು, ಅಂದ್ರೆ ಮೂರೂ ಜನಕ್ಕೆ ಸೇರಿ ಒಂದೇ ಪಾಲಿಸಿ, ಭಾವನ ಹತ್ರಾನೇ, ಇಲ್ಲಾಂದ್ರೆ ಹಬ್ಬಕ್ಕೆ ಅಕ್ಕ ಮಾತಾಡಲ್ಲ.

ಕವರಲ್ಲಿ ನಡೆಯೋದು ಮೇಲೆ, ನಡಿಯದೇ ಇರೋದು ಕೆಳಗೆ ಜೋಡಿಸ್ದೆ, ಮೇಲೊಂದು ಚೀಟಿಲಿ 104, ನನ್ ನಂಬರು, ಡೈರಿ ಸೆಕ್ರೆಟರಿ ನಂಬರು ದಪ್ಪಕ್ಷರದಲ್ಲಿ ಬರ್ದು ಬಾಗಿಲ ಪಕ್ಕದ ಮೊಳೆಗೆ ನೇತಾಕ್ದೆ, ಅರ್ಧರಾತ್ರಿಲಿ ಬೀರು ಮೇಲೆ ತಡಕೋದು ಬೇಡ ಅಂತ. ಹಳೇ ಯಶಸ್ವಿನಿ ಕಾರ್ಡ್ ಬಿಸಾಕ್ತೀನಿ ಅಂದೆ. "ಇರ್ಲಿ ಬುಡ್ಲಾ" ಅಂದ್ರು ಅಪ್ಪ, ಈಸ್ಕೊಂಡು ಮೀಸೆ ನೋಡ್ಕೊಂಡು ಜೇಬಿಗೆ ಹಾಕ್ಕೊಂಡ್ರು.